ಮನಸ್ಸಿನ ಕಾಯಿಲೆಯೂ ಆರೋಗ್ಯ ವಿಮೆಯ ಪಾಲಿಸಿಯೂ

ಕಳೆದ ಸರ್ವಸದಸ್ಯರ ಸಭೆ ಮುಗಿದು ಊಟದ ಪಂಕ್ತಿ ಏಳುತ್ತಿದ್ದಾಗ ಸದಸ್ಯರೊಬ್ಬರು ನಮ್ಮನ್ನು ಗೋದಾಮಿನ ಹಿಂಬದಿಗೆ ಕರೆದುಕೊಂಡು ಹೋದರು. ಬೆಳೆಸಾಲದ ಬಡ್ಡಿಯ ವಿಷಯವೋ, ಮಂಡಿಯ ತೂಕದ ತಕರಾರೋ ಇರಬೇಕೆಂದು ನಾವು ಎಣಿಸಿದೆವು. ಅವರು ಕೈಚೀಲದಿಂದ ತೆಗೆದದ್ದು ಆಸ್ಪತ್ರೆಯ ಬಿಲ್ಲುಗಳ ಒಂದು ಕಟ್ಟು, ಮತ್ತು ವಿಮಾ ಕಂಪನಿಯೊಂದರಿಂದ ಬಂದ ಒಂದೇ ಪುಟದ ಪತ್ರ. ಅವರ ಮಗ, ಓದು ಮುಗಿಸಿ ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿದ್ದವನು, ಹಿಂದಿನ ಮಳೆಗಾಲದಲ್ಲಿ ನಿದ್ದೆ ಬಿಟ್ಟ, ಊಟ ಬಿಟ್ಟ, ತನ್ನ ಮಾತನ್ನು ಯಾರೋ ಕದ್ದು ಕೇಳುತ್ತಿದ್ದಾರೆಂದು ಕೋಣೆಯ ಕಿಟಕಿಗೆ ಮೊಳೆ ಹೊಡೆದ. ನಗರದ ಆಸ್ಪತ್ರೆಯಲ್ಲಿ 19 ದಿನ ಇಟ್ಟುಕೊಂಡರು. ಬಿಲ್ಲು 1,12,000 ರೂಪಾಯಿ. ಮನೆಮಂದಿಗೆಲ್ಲ ಸೇರಿ ಆರೋಗ್ಯ ವಿಮೆ ಮಾಡಿಸಿ ಏಳು ವರ್ಷವಾಗಿತ್ತು, ಒಂದು ಕಂತೂ ತಪ್ಪಿರಲಿಲ್ಲ. ಕಂಪನಿಯ ಪತ್ರ ಹೇಳುತ್ತಿದ್ದುದು ಇಷ್ಟೆ: ಮಾನಸಿಕ ಕಾಯಿಲೆಯ ಚಿಕಿತ್ಸೆ ಈ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ.

ಅವರು ನಮ್ಮನ್ನು ಕೇಳಿದ್ದು ಹಣ ಬರುತ್ತದೆಯೇ ಎಂದಲ್ಲ. "ಇದನ್ನ ಯಾರ ಹತ್ರಾನೂ ಹೇಳ್ಬೇಡಿ ಮಾರಾಯ್ರೇ, ಹುಡುಗನಿಗೆ ಇನ್ನೂ ಮದುವೆ ಆಗ್ಬೇಕು" ಎಂದರು. ಈಗ ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಮಾಡಿ ಬರೆಯುತ್ತಿದ್ದೇವೆ. ಯಾರು ಎಂದು ಊಹಿಸಲು ಹೊರಡುವ ಸದಸ್ಯರು ದಯಮಾಡಿ ಆ ಕೆಲಸಕ್ಕೆ ಕೈ ಹಾಕಬಾರದು.

ಅಡಿಕೆಗೆ ಕೊಳೆ ಬಂದರೆ ನಾವು ಹತ್ತು ಜನರ ಎದುರು ಹೇಳಿಕೊಳ್ಳುತ್ತೇವೆ. ಕಾಫಿಗೆ ಬಿಳಿ ಕಾಂಡಕೊರಕ ಹೊಕ್ಕರೆ ಗಿಡವನ್ನೇ ಕಿತ್ತು ತಂದು ಸಂಘದ ಜಗುಲಿಯಲ್ಲಿಟ್ಟು ಸೀಳಿ ತೋರಿಸುತ್ತೇವೆ. ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಕಡಮೆ ಬಂದರೆ ಯಾವ ಪಂಚಾಯಿತಿಯ ಮಳೆಮಾಪಕ ಯಾವ ವಾರ ಕೆಟ್ಟಿತ್ತು ಎಂಬುದರವರೆಗೆ ಲೆಕ್ಕ ತೆಗೆದು ಜಗಳವಾಡುತ್ತೇವೆ. ಅದೇ ನಾವು ಮನೆಯ ಆರೋಗ್ಯ ವಿಮೆಯ ಪುಸ್ತಕವನ್ನು ಕಪಾಟಿನಲ್ಲಿ ಪಹಣಿಯ ಜೊತೆ ಇಟ್ಟು ಬೀಗ ಹಾಕುತ್ತೇವೆ, ಬಿಚ್ಚಿ ಓದುವುದಿಲ್ಲ. ಅದರಲ್ಲೂ ಮನಸ್ಸಿನ ಕಾಯಿಲೆಯ ಪ್ರಶ್ನೆ ಬಂದಾಗ, ಕಂಪನಿ ಇಲ್ಲ ಎಂದರೆ ಇಲ್ಲ, ತಿರುಗಿ ಕೇಳಲು ನಾಚಿಕೆ. ಈ ನಾಚಿಕೆಯ ಮೇಲೆ ಕಂಪನಿಗಳಿಗೆ ಎಷ್ಟು ಉಳಿತಾಯವಾಗುತ್ತಿರಬಹುದೋ!

ಸದಸ್ಯರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಆ ಪತ್ರ ಕಾನೂನಿಗೆ ವಿರುದ್ಧವಾದದ್ದು. 2017ರಲ್ಲಿ ನಮ್ಮ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಅಂಗೀಕರಿಸಿತು. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ಅದರ 21ನೆಯ ಕಲಮಿನ 4ನೆಯ ಉಪಕಲಮು ಹೇಳುವುದು ಬಹಳ ಸರಳ. ಶರೀರದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಬ್ಬ ವಿಮೆಗಾರನೂ ವಿಮೆ ಕೊಡತಕ್ಕದ್ದು. ವಿಮಾ ನಿಯಂತ್ರಣ ಪ್ರಾಧಿಕಾರ (ಐ.ಆರ್.ಡಿ.ಎ.ಐ.) 2018ರ ಆಗಸ್ಟ್‌ನಲ್ಲಿಯೇ ಇದನ್ನು ಪಾಲಿಸಬೇಕೆಂದು ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. ಅಷ್ಟಾದರೂ ಎಲ್ಲರೂ ಪಾಲಿಸಲಿಲ್ಲವೆಂದು ತೋರುತ್ತದೆ, ಏಕೆಂದರೆ 2022ರಲ್ಲಿ ಅದೇ ಪ್ರಾಧಿಕಾರ ಅಕ್ಟೋಬರ್ 31ರ ಗಡುವು ಕೊಟ್ಟು ಮತ್ತೊಮ್ಮೆ ಹೇಳಬೇಕಾಯಿತು. ನಡುವೆ 2021ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ಮಹಿಳೆ ಇಂಥದೇ ನಿರಾಕರಣೆಯ ಪತ್ರ ಹಿಡಿದು ಹೋದಾಗ, ಮಾನಸಿಕ ಕಾಯಿಲೆಯನ್ನು ಹೊರಗಿಡುವ ಷರತ್ತು ಕಾಯ್ದೆಗೆ ವಿರುದ್ಧವೆಂದು ನ್ಯಾಯಾಲಯ ತೀರ್ಪಿತ್ತಿತು. 1912ರ ಹುಚ್ಚರ ಕಾನೂನಿನಿಂದ ಇಲ್ಲಿಯವರೆಗೆ ಬರಲು ನೂರು ವರ್ಷದ ಮೇಲಾಯಿತು. ಕಾನೂನು ಬಂದಿದೆ. ಅದು ಹಳ್ಳಿಯ ಮನೆಬಾಗಿಲಿಗೆ ಬರುವುದು ಬೇರೆ ಮಾತು.

ನಾವು ಆ ಸದಸ್ಯರ ಪರವಾಗಿ ಕಂಪನಿಯ ದೂರು ಅಧಿಕಾರಿಗೆ ಒಂದು ಪತ್ರ ಬರೆದುಕೊಟ್ಟೆವು. ಕಾಯ್ದೆಯ ಕಲಮನ್ನು ನಮೂದಿಸಿದ್ದನ್ನು ಬಿಟ್ಟರೆ ಅದರಲ್ಲಿ ಜಾಣತನವೇನೂ ಇರಲಿಲ್ಲ. ಒಂದು ತಿಂಗಳು ಕಾದರೂ ಉತ್ತರವಿಲ್ಲ. ಆಮೇಲೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹೋಯಿತು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಮೊದಲು ಕಂಪನಿಗೇ ಬರೆದಿರಬೇಕು, ಇಷ್ಟೆ ನಿಯಮ. 50 ಲಕ್ಷ ರೂಪಾಯಿಯವರೆಗಿನ ತಕರಾರನ್ನು ಅವರು ತೀರ್ಮಾನಿಸಬಲ್ಲರು, ನಮ್ಮ ತಕರಾರುಗಳು ಆ ಮಟ್ಟಕ್ಕೆ ಏರುವುದಿಲ್ಲ ಬಿಡಿ. ವಿಚಾರಣೆಯ ದಿನ ಬರುವ ಮೊದಲೇ ಕಂಪನಿ 87,000 ರೂಪಾಯಿಯನ್ನು ಅವರ ಖಾತೆಗೆ ಹಾಕಿತು. ಉಳಿದದ್ದರಲ್ಲಿ ಜೊತೆಗಿದ್ದವರ ಊಟ, ಇತರ ಸಾಮಾನು, ಕೋಣೆ ಬಾಡಿಗೆಯ ಮಿತಿ ಎಂದು ಕಡಿತ. ಅದನ್ನು ಅವರು ಒಪ್ಪಿಕೊಂಡರು.

ಇಷ್ಟು ಓದಿದ ಸದಸ್ಯರು ಎಲ್ಲ ಸರಿಹೋಯಿತೆಂದು ತಿಳಿಯಬಾರದು. ಹಣ ಬಂದ ಆರು ತಿಂಗಳಿಗೆ ಅವರು ಮತ್ತೊಂದು ಕಟ್ಟು ಹಿಡಿದುಕೊಂಡು ಬಂದರು. ಈ ಸಲ ಮಾತ್ರೆಯ ಅಂಗಡಿಯ ಚೀಟಿಗಳು, ವೈದ್ಯರ ಫೀಸಿನ ರಸೀತಿಗಳು, ಮಾತಿನ ಚಿಕಿತ್ಸೆ ಅಂದರೆ ಕೌನ್ಸೆಲಿಂಗ್‌ಗೆ ಕೊಟ್ಟ ಹಣದ ಚೀಟಿಗಳು. ಇವಕ್ಕೆ ಕಂಪನಿ ಕೊಡಲಿಲ್ಲ, ಮತ್ತು ಈ ಸಲ ಕಂಪನಿಯ ಪತ್ರದಲ್ಲಿ ಕಾನೂನಿನ ತಪ್ಪೂ ಇರಲಿಲ್ಲ. ನಾವು ಈ ಲೇಖನ ಬರೆಯಲು ಕುಳಿತದ್ದು ಮೊದಲನೆಯ ಪತ್ರಕ್ಕಿಂತ ಹೆಚ್ಚಾಗಿ ಈ ಎರಡನೆಯ ಪತ್ರದ ಸಲುವಾಗಿ.

ಸಾಮಾನ್ಯ ಆರೋಗ್ಯ ವಿಮೆ ಎಂದರೆ ಆಸ್ಪತ್ರೆಯಲ್ಲಿ ಮಲಗಿದವರ ವಿಮೆ. ಕಡಮೆಯೆಂದರೆ 24 ತಾಸು ಒಳರೋಗಿಯಾಗಿ ದಾಖಲಾಗಿರಬೇಕು. ದಾಖಲಾಗುವ ಮುಂಚಿನ ಒಂದು ತಿಂಗಳು, ಬಿಡುಗಡೆಯಾದ ಮೇಲಿನ ಎರಡು ತಿಂಗಳ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಸೇರಿಸಿಕೊಳ್ಳುತ್ತವೆ, ಕೆಲವು ಇನ್ನೂ ಸ್ವಲ್ಪ ಉದ್ದ. ಅಲ್ಲಿಗೆ ಮುಗಿಯಿತು. ಮುರಿದ ಕಾಲಿಗೆ, ಹೃದಯದ ಶಸ್ತ್ರಚಿಕಿತ್ಸೆಗೆ ಈ ವ್ಯವಸ್ಥೆ ಹೊಂದುತ್ತದೆ. ಮನಸ್ಸಿನ ಕಾಯಿಲೆ ಹಾಗಲ್ಲ. ಖಿನ್ನತೆ, ಆತಂಕ, ಗೀಳು, ಹೆರಿಗೆಯ ನಂತರದ ಮಂಕು ಇತ್ಯಾದಿಗಳಲ್ಲಿ ಬಹುಪಾಲು ರೋಗಿಗಳು ಆಸ್ಪತ್ರೆಯ ಮಂಚವನ್ನೇ ಕಾಣಬೇಕಾಗಿಲ್ಲ. ಅವರಿಗೆ ಬೇಕಾದದ್ದು ತಿಂಗಳಿಗೊಮ್ಮೆ ವೈದ್ಯರ ಭೇಟಿ, ತಪ್ಪದೆ ಮಾತ್ರೆ, ಹಲವರಿಗೆ ವಾರಕ್ಕೊಮ್ಮೆ ಕುಳಿತು ಮಾತನಾಡುವ ಚಿಕಿತ್ಸೆ. ಇದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಕೊಪ್ಪದ ಕಡೆಯವರು ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಿಬರುವುದೆಂದರೆ ಬೆಳಗಿನ ಬಸ್ಸಿಗೆ ಹೊರಟು ರಾತ್ರಿ ಮನೆ ಸೇರುವ ಕೆಲಸ. ರೋಗಿಯ ಜೊತೆ ಒಬ್ಬರು ಹೋಗಬೇಕು, ಇಬ್ಬರ ದಿನ ಹಾಳು, ಕುಯ್ಲಿನ ಕಾಲವಾದರೆ ಕಣದಲ್ಲಿ ಕಾಫಿ ತಿರುವಲು ಆಳು ಬೇರೆ. ವೈದ್ಯರ ಫೀಸೂ ಮಾತ್ರೆಯೂ ಸೇರಿದರೆ ತಿಂಗಳ ಖರ್ಚು ಸಣ್ಣದೇನಲ್ಲ. ವಿಮೆಯಿಂದ ಬರುವುದು ಸೊನ್ನೆ.

ಕಂಪನಿಯವರನ್ನು ಕೇಳಿದರೆ ಉತ್ತರ ಸಿದ್ಧವಿದೆ: ಸಕ್ಕರೆ ಕಾಯಿಲೆಯವರಿಗೂ ನಾವು ತಿಂಗಳ ಮಾತ್ರೆಗೆ ಕೊಡುವುದಿಲ್ಲ, ಮನಸ್ಸಿನ ಕಾಯಿಲೆಯವರಿಗೂ ಕೊಡುವುದಿಲ್ಲ, ಇಬ್ಬರಿಗೂ ಸಮಾನ, ಕಾಯ್ದೆ ಕೇಳಿದ್ದೂ ಅದನ್ನೇ. ಮಾತಿಗೆ ಮಾತು ಸರಿ. ಆದರೆ ಅಡಿಕೆ ಮರಕ್ಕೂ ಕಾಫಿ ಗಿಡಕ್ಕೂ ಒಂದೇ ಅಳತೆಯ ಏಣಿ ಕೊಟ್ಟು, ಇಬ್ಬರಿಗೂ ಸಮಾನ ಮಾಡಿದ್ದೇವೆಂದು ಹೇಳಿದ ಹಾಗಾಯಿತು. ಚಿಕಿತ್ಸೆಯ ಬಹುಪಾಲು ಆಸ್ಪತ್ರೆಯ ಹೊರಗೇ ನಡೆಯುವ ಕಾಯಿಲೆಗೆ ಆಸ್ಪತ್ರೆಯೊಳಗಿನ ವಿಮೆ ಕೊಟ್ಟು ಸಮಾನತೆಯೆಂದರೆ ನಾವು ಒಪ್ಪುವುದಿಲ್ಲ. ಇದರಿಂದ ಇನ್ನೊಂದು ಕೆಡುಕೂ ಇದೆ. ಹೊರಗಿನ ಚಿಕಿತ್ಸೆಗೆ ಹಣವಿಲ್ಲವೆಂದು ಮಾತ್ರೆ ನಿಲ್ಲಿಸಿದವನು ಮತ್ತೆ ಕೆಟ್ಟು ಆಸ್ಪತ್ರೆ ಸೇರುತ್ತಾನೆ, ಆಗ ಕಂಪನಿ ಲಕ್ಷ ಕೊಡುತ್ತದೆ. ಬೋರ್ಡೋ ದ್ರಾವಣಕ್ಕೆ ದುಡ್ಡಿಲ್ಲವೆಂದು ಬಿಟ್ಟು, ಕೊಳೆ ಬಂದಮೇಲೆ ಉದುರಿದ ಕಾಯಿ ಹೆಕ್ಕುವುದಕ್ಕೆ ದುಡ್ಡು ಕೊಡುವ ಯಜಮಾನನನ್ನು ನಮ್ಮೂರಿನಲ್ಲಿ ಯಾರೂ ಜಾಣನೆನ್ನುವುದಿಲ್ಲ.

ಹೊರರೋಗಿ ಖರ್ಚನ್ನೂ ಕೊಡುವ ಪಾಲಿಸಿಗಳು ಮಾರುಕಟ್ಟೆಗೆ ಬಂದಿವೆ, ನಿಜ. ಓ.ಪಿ.ಡಿ. ಸೌಲಭ್ಯ ಎಂದು ಏಜೆಂಟರು ಹೇಳುವುದು ಇದನ್ನೇ. ತೆಗೆದುಕೊಳ್ಳುವ ಮೊದಲು ಕಾಗದ ಪೆನ್ಸಿಲು ಹಿಡಿದು ಎರಡು ಅಂಕಿ ಬರೆಯಿರಿ: ಇದಕ್ಕಾಗಿ ಕಂತು ಎಷ್ಟು ಹೆಚ್ಚಾಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ ಎಷ್ಟು ವಾಪಸು ಬರುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ ನಿಮ್ಮ ಹಣವನ್ನೇ ನಿಮಗೆ ತಿರುಗಿ ಕೊಡಲು ಇನ್ನೊಬ್ಬರಿಗೆ ಕೂಲಿ ಕೊಟ್ಟಂತೆ. ಮನೋವೈದ್ಯರ ಭೇಟಿ, ಕೌನ್ಸೆಲಿಂಗ್ ಎರಡೂ ಸೇರಿವೆಯೇ, ನಮ್ಮ ಜಿಲ್ಲೆಯ ವೈದ್ಯರಿಗೆ ನಡೆಯುತ್ತದೆಯೇ ಅಥವಾ ಫೋನಿನಲ್ಲಿ ಮಾತ್ರವೇ ಎಂಬುದನ್ನೂ ಬರೆಹದಲ್ಲಿ ಕೇಳಿ ಪಡೆಯಿರಿ.

ನಮ್ಮ ಮಟ್ಟಿಗೆ ಹೇಳುವುದಾದರೆ ಖಾಸಗಿ ವಿಮೆಯನ್ನು ದೊಡ್ಡ ಬಿಲ್ಲಿಗೆ ಇಟ್ಟುಕೊಂಡು, ತಿಂಗಳ ಮಾತ್ರೆಗೆ ಸರ್ಕಾರದ ದಾರಿ ಹಿಡಿಯುವುದೇ ಸಣ್ಣ ಬೆಳೆಗಾರನಿಗೆ ಲೇಸು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಯ ಚಿಕಿತ್ಸೆ ಹಳ್ಳಿಯಲ್ಲೇ ನಡೆಯಬಲ್ಲುದೆಂದು ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ಮಾತ್ರೆಗೆ ಹಣ ಕೊಡಬೇಕಾಗಿಲ್ಲ. ಮಾತ್ರೆ ಕೆಲವು ತಿಂಗಳು ಇರುವುದಿಲ್ಲ, ಸಾಲು ಉದ್ದ ಇರುತ್ತದೆ, ಇದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೂ ಮಾತ್ರೆ ಅರ್ಧದಲ್ಲಿ ಬಿಡುವುದಕ್ಕಿಂತ ಸಾಲಿನಲ್ಲಿ ನಿಲ್ಲುವುದು ಮೇಲು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡುತ್ತಾರೆ, ಖರ್ಚಿಲ್ಲ. 2022ರ ಅಕ್ಟೋಬರ್‌ನಿಂದ ಇದು ನಡೆಯುತ್ತಿದೆ.

ಸಹಕಾರಿಗಳಾದ ನಮಗೆ ಯಶಸ್ವಿನಿ ಹೊಸದಲ್ಲ. 2003ರಲ್ಲಿ ಅದು ನಡೆಯತೊಡಗಿದಾಗ ತಲೆಗೆ ತಿಂಗಳಿಗೆ 5 ರೂಪಾಯಿ ಕಟ್ಟಿ ರೈತರು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಹೆಮ್ಮೆಯ ಮಾತು. ಆದರೆ ಅದು ಹುಟ್ಟಿದ್ದೇ ಶಸ್ತ್ರಚಿಕಿತ್ಸೆಗಳನ್ನು ಮುಖ್ಯವಾಗಿಟ್ಟುಕೊಂಡು. ನಡುವೆ ನಿಂತುಹೋಗಿ 2022ರಲ್ಲಿ ಮತ್ತೆ ನೋಂದಣಿ ಆರಂಭವಾದಾಗಲೂ ಮನಸ್ಸಿನ ಕಾಯಿಲೆಯ ಮಾತನ್ನು ನಮ್ಮ ಸಂಘಗಳು ಎತ್ತಿದ್ದನ್ನು ನಾವು ಕೇಳಿಲ್ಲ. ಎತ್ತದಿದ್ದುದು ನಮ್ಮದೇ ತಪ್ಪು.

ಇನ್ನು ಕುಡಿತದ ವಿಷಯ. ಇದನ್ನು ಬರೆಯಬೇಡಿ, ಓದುವವರಿಗೆ ಇರಿಸುಮುರಿಸಾಗುತ್ತದೆ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಬರೆಯದೆ ಹೇಗೆ? 2017ರ ಕಾಯ್ದೆ ಮಾನಸಿಕ ಕಾಯಿಲೆ ಎಂದರೇನು ಎಂದು ವಿವರಿಸುವಾಗ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ. ಆದರೆ ವಿಮಾ ಪ್ರಾಧಿಕಾರವೇ 2019ರಲ್ಲಿ ರೂಪಿಸಿದ ಮಾದರಿ ಪಟ್ಟಿಯಲ್ಲಿ, ಕಂಪನಿಗಳು ಹೊರಗಿಡಬಹುದಾದವುಗಳಲ್ಲಿ, ಕುಡಿತ ಮತ್ತು ವ್ಯಸನದ ಚಿಕಿತ್ಸೆ ಹಾಗೂ ಅವುಗಳ ಪರಿಣಾಮಗಳು ಎಂಬ ಷರತ್ತು ಇದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡ ಹಾಗೆ. ನಮ್ಮ ತೋಟದ ಸೀಮೆಯಲ್ಲಿ ಖಿನ್ನತೆಯಿಂದ ಕುಡಿತ ಹಿಡಿದವರೆಷ್ಟು, ಕುಡಿತದಿಂದ ಖಿನ್ನತೆಗೆ ಬಿದ್ದವರೆಷ್ಟು ಎಂದು ಬೇರ್ಪಡಿಸಿ ಹೇಳಬಲ್ಲವರು ಯಾರು? ಡಿಸ್ಚಾರ್ಜ್ ಚೀಟಿಯಲ್ಲಿ ಕುಡಿತದ ಹೆಸರು ಮೊದಲ ಸಾಲಿನಲ್ಲಿದ್ದರೆ ಕ್ಲೇಮು ಬೀಳುವ ಸಂಭವ ಹೆಚ್ಚು. ವೈದ್ಯರಿಗೆ ಸುಳ್ಳು ಬರೆಯಿರಿ ಎಂದು ನಾವು ಹೇಳುವುದಿಲ್ಲ, ಹೇಳಲೂ ಬಾರದು. ಖಿನ್ನತೆಯೋ ಬೇರೆ ಮಾನಸಿಕ ಕಾಯಿಲೆಯೋ ಜೊತೆಯಲ್ಲಿ ಇದ್ದಲ್ಲಿ, ದಾಖಲಾಗಲು ಅದೇ ಕಾರಣವಾಗಿದ್ದಲ್ಲಿ, ಅದನ್ನು ಸ್ಪಷ್ಟವಾಗಿ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಊರಾಚೆ ಬೋರ್ಡು ಹಾಕಿಕೊಂಡಿರುವ ಕುಡಿತ ಬಿಡಿಸುವ ಮನೆಗಳಿಗೆ ಸೇರಿಸಿದರೆ ಅಲ್ಲಿನ ರಸೀತಿಗೆ ವಿಮೆಯಲ್ಲಿ ಬೆಲೆಯಿಲ್ಲವೆಂದೇ ತಿಳಿಯಿರಿ. ನೋಂದಾಯಿತ ಆಸ್ಪತ್ರೆಯಾಗಿರಬೇಕು. ಸ್ಥಳೀಯ ನೋಂದಣಿ ಇಲ್ಲದ ಕಡೆ, ಹತ್ತು ಲಕ್ಷಕ್ಕಿಂತ ಕಡಮೆ ಜನಸಂಖ್ಯೆಯ ಊರಾದರೆ ಕನಿಷ್ಠ ಹತ್ತು ಹಾಸಿಗೆ ಇರಬೇಕೆಂಬುದು ಪಾಲಿಸಿಗಳ ಸಾಮಾನ್ಯ ಷರತ್ತು.

ಡಿಸ್ಚಾರ್ಜ್ ಚೀಟಿಯ ಮಾತು ಬಂದದ್ದರಿಂದ ಇನ್ನೊಂದು. ಬರೀ ಪರೀಕ್ಷೆಗಾಗಿ, ನಿಗಾಕ್ಕಾಗಿ ದಾಖಲಾಗಿದ್ದರು, ಮನೆಯಲ್ಲೇ ಚಿಕಿತ್ಸೆ ಸಾಧ್ಯವಿತ್ತು ಎಂದು ಕಂಪನಿಗಳು ಆಕ್ಷೇಪ ತೆಗೆಯುವುದುಂಟು. ರೋಗಿಯನ್ನು ಏಕೆ ಒಳಗೇ ಇಟ್ಟುಕೊಳ್ಳಬೇಕಾಯಿತು ಎಂಬ ಎರಡು ಸಾಲು ವೈದ್ಯರ ಕೈಯಿಂದ ಅದರಲ್ಲಿ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎಲ್ಲ ತಪ್ಪೂ ಕಂಪನಿಗಳದ್ದೇ ಎಂದು ಬರೆದರೆ ಓದುವವರಿಗೆ ಹಿತವಾದೀತು, ಆದರೆ ಅದು ನಿಜವಲ್ಲ. ಇನ್ನೊಂದು ಮನೆಯ ಸಂಗತಿ ನಮಗೆ ಗೊತ್ತು. ಆ ಮನೆಯ ಸೊಸೆಗೆ ಪಾಲಿಸಿ ಮಾಡಿಸುವ ಒಂದು ವರ್ಷದ ಹಿಂದಿನಿಂದಲೂ ಖಿನ್ನತೆಗೆ ಮಾತ್ರೆ ನಡೆಯುತ್ತಿತ್ತು. ಅರ್ಜಿ ತುಂಬುವಾಗ ಏಜೆಂಟರು, "ಅದೆಲ್ಲ ಬರೀಬೇಡಿ ಸಾರ್, ಸುಮ್ನೆ ತೊಂದ್ರೆ" ಎಂದರಂತೆ. ಮನೆಯವರಿಗೂ ಅದೇ ಬೇಕಾಗಿತ್ತು. ಎರಡನೆಯ ವರ್ಷ ಆಕೆ ಆಸ್ಪತ್ರೆ ಸೇರಿದಾಗ ಹಳೆಯ ಚೀಟಿ ಹೊರಬಿತ್ತು. ಕ್ಲೇಮು ಹೋಯಿತು, ಪಾಲಿಸಿಯೂ ರದ್ದಾಯಿತು. ನಮ್ಮ ಹತ್ತಿರ ಬಂದರು. ಕಂಪನಿ ಮಾಡಿದ್ದು ಸರಿಯಾಗಿತ್ತು, ನಾವು ಮಾಡಬಹುದಾದದ್ದು ಏನೂ ಇರಲಿಲ್ಲ. ಏಜೆಂಟರು ಈಗ ಬೇರೆ ತಾಲ್ಲೂಕಿನಲ್ಲಿದ್ದಾರೆ.

ಇದ್ದದ್ದನ್ನು ಬರೆದಿದ್ದರೆ ಏನಾಗುತ್ತಿತ್ತು? ಕಂಪನಿ ಹೆಚ್ಚು ಕಂತು ಕೇಳಬಹುದಿತ್ತು, ಕೊಡುವುದೇ ಇಲ್ಲ ಎನ್ನಲೂಬಹುದಿತ್ತು. ಕೊಟ್ಟಿದ್ದರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಎಂದು ಹೆಚ್ಚೆಂದರೆ ಮೂರು ವರ್ಷ ತಳ್ಳುತ್ತಿದ್ದರು. 2024ರ ಏಪ್ರಿಲ್‌ಗೆ ಮುಂಚೆ ಇದು ನಾಲ್ಕು ವರ್ಷವಿತ್ತು. ಅದೇ ನಿಯಮಗಳ ಪ್ರಕಾರ ಐದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೆ, ಮೋಸವನ್ನು ಸಾಬೀತು ಮಾಡಿದ ಹೊರತು, ನೀವು ಅದನ್ನು ಹೇಳಲಿಲ್ಲ ಇದನ್ನು ಹೇಳಲಿಲ್ಲ ಎಂದು ಕಂಪನಿ ತಗಾದೆ ತೆಗೆಯುವಂತಿಲ್ಲ. ಆದುದರಿಂದ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಪಾಲಿಸಿ ಮಾಡಿಸಿ, ನಡುವೆ ಬಿಡದೆ ನಡೆಸುವುದು ಮುಖ್ಯ. ಅಡಿಕೆ ಧಾರಣೆ ಇಳಿದ ವರ್ಷ ಮೊದಲು ಕೈಬಿಡುವುದು ವಿಮೆಯ ಕಂತನ್ನೇ ಎಂಬುದು ನಮಗೆ ಗೊತ್ತಿಲ್ಲದ್ದಲ್ಲ, ನಾವೂ ಹಾಗೆ ಮಾಡಿದವರೇ. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೂ ಕುಟುಂಬಕ್ಕೂ ಮಾಡಿಸುವ ಪಾಲಿಸಿಗಳ ಮೇಲಿನ ಶೇ. 18 ಜಿ.ಎಸ್.ಟಿ. ತೆಗೆದಿದ್ದಾರೆ, ಅಷ್ಟರ ಮಟ್ಟಿಗೆ ಹೊರೆ ಇಳಿದಿದೆ.

ಹೀಗೆ ಮುಚ್ಚಿಡುವುದರ ಹಿಂದೆ ಮದುವೆಯ ಭಯವೊಂದೇ ಅಲ್ಲ, ಆಸ್ತಿಯ ಭಯವೂ ಇದೆ. ಕಾಗದದಲ್ಲಿ ಮಾನಸಿಕ ಎಂದು ಬಂದರೆ ನಾಳೆ ಹಿಸ್ಸೆಯ ಕಾಲಕ್ಕೆ ದಾಯಾದಿಗಳು ಇವನ ಸಹಿ ನಡೆಯುವುದಿಲ್ಲ ಎಂದರೆ? ಸಾಲದ ಪತ್ರ, ಉಯಿಲು ಬಿದ್ದುಹೋದರೆ? ಈ ಮಾತನ್ನು ನಾವು ಒಬ್ಬಿಬ್ಬರಿಂದ ಕೇಳಿದ್ದಲ್ಲ. ಇದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆಯೆಂದು ನಿರ್ಧಾರವಾದ ಮಾತ್ರಕ್ಕೆ ಅವರು ಅಸ್ವಸ್ಥ ಚಿತ್ತರೆಂದು ಭಾವಿಸತಕ್ಕದ್ದಲ್ಲ, ಅದನ್ನು ಸಕ್ಷಮ ನ್ಯಾಯಾಲಯವೇ ಘೋಷಿಸಿರಬೇಕು ಎಂದು 3ನೆಯ ಕಲಮು ಹೇಳುತ್ತದೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಸಂಘಕ್ಕೆ ಬಂದು ಸಾಲದ ಪತ್ರಕ್ಕೆ ಸಹಿ ಹಾಕಿದರೆ ಆ ಸಹಿ ನಡೆಯುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ. ಕ್ಲೇಮಿನ ಕಾಗದಗಳು ಕಂಪನಿಗೂ, ಅದರ ಪರವಾಗಿ ಕೆಲಸ ಮಾಡುವ ಟಿ.ಪಿ.ಎ. ಸಂಸ್ಥೆಗೂ ಹೋಗುತ್ತವೆ ಎಂಬುದು ಸತ್ಯ. ಊರಿಗೆ ಹೋಗುವುದಿಲ್ಲ. ಊರಿಗೆ ಹೋಗುವುದು ನಮ್ಮ ನಮ್ಮ ಬಾಯಿಂದ.

2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ಮಂದಿ ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು, ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಸಂಘದ ಸದಸ್ಯರ ಪಟ್ಟಿಗೆ ಈ ಲೆಕ್ಕ ಹಾಕಿ ನೋಡಿ. 2022ರಲ್ಲಿ ದೇಶದಲ್ಲಿ ಕೃಷಿಯಲ್ಲಿ ತೊಡಗಿದವರು 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳಿದೆ. ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಬೆಲೆ, ಸಾಲ, ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಇವೆಲ್ಲ ಇದರಲ್ಲಿ ಇಲ್ಲವೆಂದಲ್ಲ. ಆದರೆ ಅದೇ ಬೆಲೆ, ಅದೇ ಸಾಲದ ನಡುವೆ ಒಬ್ಬ ನಿಂತ, ಒಬ್ಬ ಬಿದ್ದ ಎಂದಾಗ ಬಿದ್ದವನಿಗೆ ಚಿಕಿತ್ಸೆ ಸಿಕ್ಕಿತ್ತೇ ಎಂದು ಕೇಳಬೇಕಲ್ಲವೆ? ಮನೆಯಲ್ಲಿ ಯಾರದಾದರೂ ಮನಸ್ಸು ಕುಗ್ಗಿದೆಯೆಂದು ಕಂಡರೆ ತೋಟದ ಔಷಧಿಯ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಇನ್ನೊಬ್ಬರು ಇಟ್ಟುಕೊಳ್ಳಿ, ಅವರನ್ನು ಒಬ್ಬರೇ ಬಿಡಬೇಡಿ, ಅದೇ ದಿನ ಆ 14416ಕ್ಕೆ ಕರೆ ಮಾಡಿ ಇಲ್ಲವೆ ಆಸ್ಪತ್ರೆಗೆ ಕರೆದೊಯ್ಯಿರಿ. ವಿಮೆಯ ಮಾತು ಆಮೇಲೆ.

ಈಗ ನಮ್ಮ ಸಂಘದ ಮುಂದಿರುವ ಪ್ರಶ್ನೆಗೆ ಬರೋಣ. ಸದಸ್ಯರಿಗೆಲ್ಲ ಸೇರಿ ಒಂದು ಗುಂಪು ಆರೋಗ್ಯ ವಿಮೆ ಮಾಡಿಸುವ ಪ್ರಸ್ತಾಪ ಆಡಳಿತ ಮಂಡಳಿಯ ಮುಂದೆ ಇದೆ. ಮೂರು ಕಂಪನಿಗಳ ಕೊಟೇಷನ್ನು ಬಂದಿವೆ. ಎಲ್ಲಕ್ಕಿಂತ ಕಡಮೆ ಕಂತಿನದನ್ನು ಒಪ್ಪಿಬಿಡೋಣ ಎಂಬುದು ಕೆಲವು ನಿರ್ದೇಶಕರ ಅಭಿಪ್ರಾಯ. ಅವರಲ್ಲೊಬ್ಬರು, ಮನಸ್ಸಿನ ಕಾಯಿಲೆಗೆಲ್ಲ ನಮ್ಮ ಸದಸ್ಯರು ಹಣ ಕೇಳುವವರಲ್ಲ ಎಂದೂ ಹೇಳಿದರು. ಕೇಳುವವರಲ್ಲ ಎಂಬುದು ನಿಜ, ಬೇಕಾಗಿಲ್ಲ ಎಂಬುದು ನಿಜವಲ್ಲ. ಗೋದಾಮಿನ ಹಿಂಬದಿಯಲ್ಲಿ ನಮಗೆ ಸಿಗುವವರು ಸಭೆಯಲ್ಲಿ ಕೈ ಎತ್ತುವುದಿಲ್ಲ, ಅಷ್ಟೆ.

ಗುಂಪು ಪಾಲಿಸಿಗೆ ಜಿ.ಎಸ್.ಟಿ. ರಿಯಾಯಿತಿ ಇಲ್ಲ, ಇದು ಅದರ ತೊಡಕು. ಆದರೆ ಒಬ್ಬೊಬ್ಬರೇ ಹೋದರೆ ಸಿಗದ ಒಂದು ಅನುಕೂಲ ಗುಂಪಿಗೆ ಇದೆ, ಚೌಕಾಸಿಯ ಬಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ಬಿಡಿಸಿಕೊಳ್ಳಬಹುದು, ಮನೋವೈದ್ಯರ ಹೊರರೋಗಿ ಭೇಟಿಗೆ ವರ್ಷಕ್ಕೆ ಇಂತಿಷ್ಟು ಎಂದು ಸೇರಿಸಿಕೊಳ್ಳಬಹುದು, ಮಾನಸಿಕ ಕಾಯಿಲೆಗೆ ಮಾತ್ರ ಪ್ರತ್ಯೇಕ ಕಡಮೆ ಮಿತಿ ಹಾಕಿದ್ದರೆ ತೆಗೆಸಬಹುದು. ಕುಡಿತದ ಷರತ್ತನ್ನು ಪೂರ್ತಿ ತೆಗೆಸುವುದು ಕಷ್ಟವಾದೀತು, ಆದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಮಂಡಿಯಲ್ಲಿ ಕ್ವಿಂಟಲಿಗೆ ನೂರು ರೂಪಾಯಿಗಾಗಿ ಅರ್ಧ ದಿನ ಕೂರುವ ನಾವು ಇಲ್ಲಿ ಮೊದಲ ಬೆಲೆಗೇ ತಲೆಯಾಡಿಸಬೇಕೇಕೆ? ಕಂತು ತಲೆಗೆ ಒಂದಿಷ್ಟು ಹೆಚ್ಚಾದರೂ ಸರಿಯೆ, ಈ ಮೂರು ಅಂಶಗಳಿಲ್ಲದ ಪಾಲಿಸಿಯನ್ನು ಸಂಘ ಒಪ್ಪಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮಂಡಳಿಯ ತೀರ್ಮಾನಕ್ಕೆ ಮುನ್ನ ಸದಸ್ಯರು ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬೇಕು. ಹೆಸರು ಹಾಕಬೇಕೆಂದಿಲ್ಲ.

ಈಗಾಗಲೇ ಸ್ವಂತ ಪಾಲಿಸಿ ಇರುವವರು ಅದನ್ನು ಹೊರತೆಗೆಯಿರಿ. 2024ರ ಜನವರಿಯಿಂದ ಪ್ರತಿ ಪಾಲಿಸಿಯ ಜೊತೆಗೂ ಷರತ್ತುಗಳನ್ನು ಸರಳವಾಗಿ ತಿಳಿಸುವ ಮಾಹಿತಿ ಪತ್ರ ಕೊಡಬೇಕು, ಕೇಳಿದರೆ ಕನ್ನಡದಲ್ಲೇ ಕೊಡಬೇಕು. ಕೇಳಿ ಪಡೆಯಿರಿ. ಹೊಸದಾಗಿ ಮಾಡಿಸಿದವರು ಓದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. ಕಂಪನಿಯ ಮೇಲಿನ ದೂರಿಗೆ ಪ್ರಾಧಿಕಾರದ ದೂರವಾಣಿ 155255. ಓದಿ ಅರ್ಥವಾಗದವರು ಸಂತೆಯ ದಿನ ಮಧ್ಯಾಹ್ನ ಸಂಘದ ಕಚೇರಿಗೆ ಪಾಲಿಸಿ ಪುಸ್ತಕವನ್ನೇ ತನ್ನಿ, ಬರೀ ಕಾರ್ಡು ತಂದರೆ ಷರತ್ತು ಅದರಲ್ಲಿ ಇರುವುದಿಲ್ಲ. ಕಾರ್ಯದರ್ಶಿಯವರ ಕೋಣೆಯ ಒಳಗೆ ಕುಳಿತು ನೋಡೋಣ. ಬಾಗಿಲು ಹಾಕಿಕೊಳ್ಳುವ ವ್ಯವಸ್ಥೆ ಮಾಡಿದ್ದೇವೆ.